ನಾಲ್ಕು ಸಲ ಕೆಳಗೆ, ಒಂದು ಎಂಟರ್

ಏಪ್ರಿಲ್ 29, 2017, ಶನಿವಾರ

ಕಂಪ್ಯೂಟರ್ ಸತ್ತಿತು. ಹಾಗಾಗಿ ಕಾಲೇಜು ಕಾಲದ ಬ್ರೈಲ್ ಹಲಗೆಯನ್ನು ಪೆಟ್ಟಿಗೆಯ ಅಡಿಯಿಂದ ಎಳೆದು ಕೂತಿದ್ದೇನೆ. ಹಳೆ ಕ್ಯಾಲೆಂಡರಿನ ದಪ್ಪ ಕಾಗದ ಸಿಕ್ಕಿಸಿ, ಮೊಳೆಯಿಂದ ಒಂದೊಂದೇ ಚುಕ್ಕಿ ಚುಚ್ಚಬೇಕು. ಎರಡು ಸಾಲಿಗೆ ಹೆಬ್ಬೆರಳು ನೋಯುತ್ತದೆ. ಒಂದು ಸುಖ ಮಾತ್ರ ಉಂಟು. ಈ ಮನೆಯಲ್ಲಿ ಬ್ರೈಲ್ ಓದಲು ಬರುವವರು ನನ್ನ ಬಿಟ್ಟರೆ ಯಾರೂ ಇಲ್ಲ. ಯಾರನ್ನು ಬೇಕಾದರೂ ಬಾಯಿ ತುಂಬ ಬೈಯಬಹುದು.

ಮೊದಲು ಬೈಯಬೇಕಾದದ್ದು ಹಾರ್ಡ್ ಡಿಸ್ಕನ್ನು. ವಿಷು ಹಬ್ಬದ ದಿನದಿಂದಲೇ ಅದು ಕಟ್ ಕಟ್ ಎನ್ನುತ್ತಿತ್ತು. ತಮ್ಮ ಕುಮಾರನಿಗೆ ಹೇಳಿದೆ. "ನನಗೆ ಎಂತದೂ ಕೇಳುವುದಿಲ್ಲ ಅಕ್ಕ" ಎಂದ. ಅವನಿಗೆ ಯಾವಾಗ ಕೇಳಿದ್ದು? ನಿನ್ನೆ ಬೆಳಗ್ಗೆ ಗರಗರ ಎಂದು ಒಮ್ಮೆ ಸದ್ದು ಮಾಡಿ ನಿಂತೇ ಹೋಯಿತು.

ಅದೂ ನಿನ್ನೆಯೇ ಆಗಬೇಕಿತ್ತಾ? ಸಂಜೆ ನಮ್ಮ ಅನುದಾನಿತ ಶಾಲೆಯನ್ನು ನಡೆಸುವ ಮ್ಯಾನೇಜರ್ ಹರಿನಾರಾಯಣ ಭಟ್ಟರು ಮನೆಗೆ ಬಂದಿದ್ದರು. ಬೊಂಡದ ಎಳನೀರು ಕುಡಿದರು, ಸೆಕೆಯನ್ನು ಬೈದರು, ಕುಮಾರನ ಹೆಂಡತಿಗೆ ಎಷ್ಟು ತಿಂಗಳು ಎಂದು ಕೇಳಿದರು. ಅವಳು ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ, ಮನೆಯಲ್ಲಿ ಈಗ ನಾವಿಬ್ಬರೇ ಎಂದೆ. ಆಮೇಲೆ ವಿಷಯಕ್ಕೆ ಬಂದರು. ಹೆಡ್ಮಾಷ್ಟ್ರು ರಿಟೈರ್ ಆದ ಜಾಗಕ್ಕೆ ಸೀನಿಯಾರಿಟಿ ಪ್ರಕಾರ ನಾನು ಬರಬೇಕು. "ಅದು ನಿಮ್ಮ ಹಕ್ಕು ಅನ್ನಪೂರ್ಣ ಟೀಚರ್, ನಾನು ಇಲ್ಲ ಹೇಳುವುದಿಲ್ಲ. ಆದರೆ ಈಗ ಹೆಡ್ಮಾಷ್ಟ್ರು ಅಂದರೆ ಪೂರಾ ಕಂಪ್ಯೂಟರಿನ ಕೆಲಸ. ಕಣ್ಣಿದ್ದವರೇ ಸೋತು ಹೋಗ್ತಾರೆ. ನಿಮಗೆ ಯಾಕೆ ಆ ಕಷ್ಟ? ಬಡ್ತಿ ಬೇಡ ಅಂತ ಒಂದು ಪತ್ರ ಕೊಟ್ಟರೆ ಎಲ್ಲರಿಗೂ ಸಲೀಸು" ಎಂದರು. ಮೇ ಮೂವತ್ತಕ್ಕೆ ಪುನಃ ಬರುತ್ತಾರಂತೆ.

ನಾನು ಬಿಟ್ಟೇನಾ? "ಕಂಪ್ಯೂಟರನ್ನು ನಾನು ಒಬ್ಬಳೇ ನಡೆಸ್ತೇನೆ. ಸ್ವಿಚ್ಚು ಹಾಕುವುದರಿಂದ ಪ್ರಿಂಟು ತೆಗೆಯುವವರೆಗೆ ಒಬ್ಬರ ಕೈ ತಾಗುವುದು ಬೇಡ. ನೀವು ಬಂದಾಗ ತೋರಿಸ್ತೇನೆ" ಎಂದು ಎದೆ ತಟ್ಟಿ ಹೇಳಿದೆ. ಒಳಗಿನ ಕೋಣೆಯಲ್ಲಿ ಅದರ ಹೆಣ ಬಿದ್ದಿತ್ತು.

ಮೇ 3, ಬುಧವಾರ

ನಾಯ್ಮಾರ್ಮೂಲೆಯ ಕಂಪ್ಯೂಟರ್ ಅಂಗಡಿಯ ವಿಜೇತ್ ರಿಪೇರಿಗೆ ಒಯ್ದಿದ್ದ ಕಂಪ್ಯೂಟರ್ ಪೆಟ್ಟಿಗೆಯನ್ನು ತಾನೇ ತಂದು ಜೋಡಿಸಿ ಹೋದ. ಹುಡುಗನಿಗೆ ಮರ್ಯಾದೆ ಉಂಟು, ಕಿವಿ ಇಲ್ಲ. ಹೇಳಿದ್ದು ಒಂದೂ ಒಳಗೆ ಇಳಿಯುವುದಿಲ್ಲ.

"ಹೊಸ ನಮೂನೆಯ ಡಿಸ್ಕ್ ಟೀಚರ್. ಒಳಗೆ ತಿರುಗುವಂಥದ್ದು ಎಂತದೂ ಇಲ್ಲ. ಇನ್ನು ಸದ್ದೇ ಇಲ್ಲ! ರಾಕೆಟಿನ ಹಾಗೆ ಹೋಗ್ತದೆ."

ಹೋಯಿತು. ಸೀದಾ ವಿಂಡೋಸಿಗೆ ಹೋಯಿತು.

"ಲಿನಕ್ಸ್ ಎಲ್ಲಿ ವಿಜೇತ್?"

"ಅದು ಎಂತಕೆ ಟೀಚರ್? ಶಾಲೆಯಲ್ಲಿ ಉಂಟಲ್ಲ."

ಶಾಲೆಯಲ್ಲಿ ಉಂಟು ಎಂದೇ ನನಗೆ ಬೇಕಾದದ್ದು ಮಾರಾಯ! ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ಇನ್ನೊಂದು ವ್ಯವಸ್ಥೆ ಲಿನಕ್ಸ್, ಕೇರಳದ ಶಾಲೆಯ ಕೆಲಸ ಎಲ್ಲ ಅದರಲ್ಲಿ. ನನ್ನ ಹದಿನೈದು ವರ್ಷದ ಸಮಾಜದ ಪಾಠದ ಟಿಪ್ಪಣಿ, ಕನ್ನಡ ಪುಸ್ತಕ ಓದಿಸಿಕೊಳ್ಳುವುದು ಎಲ್ಲ ವಿಂಡೋಸಿನಲ್ಲಿ. ಎರಡರಲ್ಲೂ ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ಪ್ರೋಗ್ರಾಮು ಉಂಟು. ಒಂದೇ ಪೆಟ್ಟಿಗೆಯಲ್ಲಿ ಎರಡೂ ಇತ್ತು. ಸ್ವಿಚ್ಚು ಹಾಕಿದ ಕೂಡಲೇ ಯಾವುದು ಬೇಕೆಂದು ಕೇಳುವ ಒಂದು ಪಟ್ಟಿ ಬರುತ್ತದೆ. ಆ ಪಟ್ಟಿ ಮಾತ್ರ ಮೂಕ. ಓದಿ ಹೇಳುವ ಪ್ರೋಗ್ರಾಮು ಏಳುವುದೇ ಆಮೇಲೆ. ಆದರೆ ನನಗೆ ಬಾಯಿಪಾಠ ಇತ್ತು. ಹಳೆ ಡಿಸ್ಕು ಗರಗರ ಎಂದು ತಿರುಗಿ, ಒಮ್ಮೆ ಗಪ್ ಆಗುತ್ತಿತ್ತು. ಗಪ್ ಆಯಿತೆಂದರೆ ಪಟ್ಟಿ ಬಂತು. ಸುಮ್ಮನೆ ಬಿಟ್ಟರೆ ಲಿನಕ್ಸ್. ಬಾಣದ ಕೀಲಿ ನಾಲ್ಕು ಸಲ ಕೆಳಗೆ, ಒಂದು ಎಂಟರ್ ಒತ್ತಿದರೆ ವಿಂಡೋಸ್. ಆರು ವರ್ಷ ಹಾಗೇ ನಡೆಯಿತು, ಒಂದು ದಿನ ತಪ್ಪಲಿಲ್ಲ.

ಹಳೆ ಡಿಸ್ಕು ಪೂರ್ತಿ ಸತ್ತಿಲ್ಲವಂತೆ. ಟಿಪ್ಪಣಿ ಎಲ್ಲ ತೆಗೆದುಕೊಳ್ಳಲು ಅದನ್ನೂ ಒಳಗೇ ಇಟ್ಟಿದ್ದಾನೆ. ಲಿನಕ್ಸ್ ಹಾಕಲು ಸೋಮವಾರ ಬರುತ್ತೇನೆ ಎಂದ. ಅವನ ಸೋಮವಾರ ನನಗೆ ಗೊತ್ತಿಲ್ಲವಾ? ನಾನೇ ಹಾಕುತ್ತೇನೆ.

ಮೇ 5, ಶುಕ್ರವಾರ

ಹಾಕಿದೆ! ನಾನೇ ಹಾಕಿದೆ!

ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸುವ ಮೊದಲ ಒಂದು ಹೆಜ್ಜೆಗೆ ಮಾತ್ರ ಕಣ್ಣು ಬೇಕಾಯಿತು. ಆ ಪಟ್ಟಿಯೂ ಮೂಕ. ಕುಮಾರನನ್ನು ಕರೆದು ಓದು ಎಂದೆ. ಅವನ ಓದು ಕೇಳಬೇಕು! "ಎಂತೋ ಇಂಗ್ಲಿಷಿನಲ್ಲಿ ಉಂಟು ಅಕ್ಕ. ಮೇಲೆ ಎಂತೋ ನಂಬ್ರ. ಅದು ನಿನಗೆ ಬೇಡ." ಬೇಕಾ ಬೇಡವಾ ಎಂದು ಹೇಳಬೇಕಾದವಳು ನಾನಲ್ಲವಾ? ತನ್ನ ಜಿನಸಿನ ಅಂಗಡಿಯಲ್ಲಿ ಗಿರಾಕಿಯ ಚೀಟಿಯನ್ನೂ ಹೀಗೇ ಓದುತ್ತಾನಾ? ಮೂರು ಸಲ ಓದಿಸಿದ ಮೇಲೆ ಪೆನ್‌ಡ್ರೈವಿನ ಹೆಸರು ಬಾಯಿಂದ ಬಿತ್ತು.

ಆಮೇಲೆ ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡೆ. ಲಿನಕ್ಸ್ ಮಾತಾಡುತ್ತಾ ಹೋಯಿತು, ನಾನು ಒತ್ತುತ್ತಾ ಹೋದೆ. ಕೊನೆಗೆ ಒಂದು ಪ್ರಶ್ನೆ ಬಂತು: ಆ ಪಟ್ಟಿಯನ್ನು ಯಾವ ಡಿಸ್ಕಿನಲ್ಲಿ ಕೂರಿಸಬೇಕು? ಎರಡು ಹೆಸರು ಹೇಳಿತು. ಎರಡೂ ಒಂದೇ ನಮೂನೆ ಹೆಸರು, ಕೊನೆಯ ಒಂದು ಅಕ್ಷರ ಮಾತ್ರ ಬೇರೆ. ಮೊದಲನೆಯದರ ಮೇಲೆ ನಿಂತಾಗ ಪೆಟ್ಟಿಗೆಯ ಒಳಗಿಂದ ಸದ್ದು ಬಂತು. ಎರಡನೆಯದಕ್ಕೆ ಎಂತದೂ ಇಲ್ಲ. ಕೆಲಸ ಮಾಡುವುದು ಇದೇ ಎಂದು ಮೊದಲನೆಯದನ್ನೇ ಒತ್ತಿದೆ.

ಎರಡೂ ಬಂತು. ಲಿನಕ್ಸೂ ಬಂತು, ವಿಂಡೋಸೂ ಬಂತು. ನಾಲ್ಕು ಸಲ ಕೆಳಗೆ, ಒಂದು ಎಂಟರ್. ಟಿಪ್ಪಣಿ ಎಲ್ಲ ಹೊಸ ಡಿಸ್ಕಿಗೆ ಹಾಕಿದೆ. ಭಟ್ಟರು ನಾಳೆಯೇ ಬರಲಿ ಬೇಕಾದರೆ.

ಮೇ 7, ಭಾನುವಾರ

ಲಿನಕ್ಸ್ ಇಲ್ಲ. ಹೋಯಿತು. ಸ್ವಿಚ್ಚು ಹಾಕಿದರೆ ಸೀದಾ ವಿಂಡೋಸ್.

ಮಹಾನುಭಾವ ಕುಮಾರ ಹಳೆ ಡಿಸ್ಕನ್ನು ಕಿತ್ತು ಅಟ್ಟದ ಮೇಲೆ ಇಟ್ಟಿದ್ದಾನೆ. ಯಾಕೆ? "ರಾತ್ರಿ ನೀನು ಕೂತು ಟೈಪ್ ಮಾಡುವಾಗ ಕಟಕಟ ಎಂದು ನಿದ್ದೆ ಬರುವುದಿಲ್ಲ ಅಕ್ಕ. ಟಿಪ್ಪಣಿ ತೆಗೆದಾಯ್ತು ಅಂದೆಯಲ್ಲ." ಹದಿನೈದು ದಿನ ಎಂತದೂ ಕೇಳುವುದಿಲ್ಲ ಎಂದವನು! ಬೈದೆ. ಊಟ ಮಾಡದೆ ಅಂಗಡಿಗೆ ಹೋದ. ಹೋಗಲಿ.

ಮೇ 9, ಮಂಗಳವಾರ

ತಪ್ಪು ಕುಮಾರನದಲ್ಲ. ಇದನ್ನು ಅವನಿಗೆ ಹೇಳುವ ಅಗತ್ಯ ಇಲ್ಲ.

ಪಟ್ಟಿಯನ್ನು ನಾನೇ ಹಳೆ ಡಿಸ್ಕಿನಲ್ಲಿ ಕೂರಿಸಿದ್ದು. ಸದ್ದು ಮಾಡಿದ್ದು ಹಳೆಯದು, ಸುಮ್ಮನಿದ್ದದ್ದು ಹೊಸತು. ಸಾಯಲು ಬಿದ್ದದ್ದರ ಗೊರಕೆಯನ್ನು ಕೇಳಿ ಇದಕ್ಕೆ ಜೀವ ಉಂಟು ಎಂದು ನಂಬಿದೆ. ಕಣ್ಣಿದ್ದವರು ಈ ತಪ್ಪನ್ನು ಮಾಡಲಿಕ್ಕಿಲ್ಲ. ಬೇರೆ ನೂರು ಮಾಡುತ್ತಾರೆ.

ಪುನಃ ಪೆನ್‌ಡ್ರೈವ್, ಪುನಃ ಕುಮಾರ, ಪುನಃ "ಎಂತೋ ನಂಬ್ರ". ಲಿನಕ್ಸ್ ಎದ್ದ ಮೇಲೆ ಎರಡು ಸಾಲು ಆಜ್ಞೆ ಟೈಪ್ ಮಾಡಿ ಪಟ್ಟಿಯನ್ನು ಹೊಸ ಡಿಸ್ಕಿಗೆ ಕೂರಿಸಿದೆ. ಒಂದು ಅಡ್ಡಗೆರೆ ಬಿಟ್ಟುಹೋಗಿ ಕಂಪ್ಯೂಟರಿನಿಂದ ಮೂರು ಸಲ ಬೈಸಿಕೊಂಡೆ. ನಾಲ್ಕನೆಯ ಸಲ ಸರಿಯಾಯಿತು. ಈಗ ಎರಡೂ ಉಂಟು. ಹಳೆ ಡಿಸ್ಕು ಅಟ್ಟದಲ್ಲೇ ಇರಲಿ.

ಮೇ 10, ಬುಧವಾರ

ಎರಡೂ ಉಂಟು, ಆದರೆ ಹೋಗುವುದು ಹೇಗೆ? ಈ ದರಿದ್ರ ಹೊಸ ಡಿಸ್ಕಿಗೆ ಬಾಯಿಯೇ ಇಲ್ಲ. ಗರಗರ ಇಲ್ಲ, ಗಪ್ ಆಗುವುದೂ ಇಲ್ಲ. ಫ್ಯಾನು ಒಂದೇ ರಾಗದಲ್ಲಿ ತಿರುಗುತ್ತದೆ. ಪಟ್ಟಿ ಯಾವಾಗ ಬಂತು, ಯಾವಾಗ ಹೋಯಿತು, ಒಂದೂ ಗೊತ್ತಾಗುವುದಿಲ್ಲ. ಹತ್ತು ಸೆಕೆಂಡು ಕಾದು ಅದು ತಾನೇ ಲಿನಕ್ಸಿಗೆ ಹೋಗಿಬಿಡುತ್ತದೆ. ಬೇಗ ಒತ್ತಿದರೆ ಪಟ್ಟಿ ಬರುವ ಮೊದಲೇ ಒತ್ತಿದ್ದು ಗಾಳಿಗೆ. ತಡವಾದರೆ ಬಸ್ಸು ಹೋಗಿ ಆಗಿದೆ.

ಬೆಳಗ್ಗೆ ಒತ್ತಿದೆ. ಕಾದೆ. ಕಾದೆ. ಏಳುವಾಗ ಬರುವ ವಿಂಡೋಸಿನ ಹಾಡಿಲ್ಲ, ಲಿನಕ್ಸಿನ ಡೋಲಿಲ್ಲ. ಹೊಸತಲ್ಲವಾ, ಏನೋ ಒಳಗಿಂದೊಳಗೆ ಸರಿಮಾಡಿಕೊಳ್ಳುತ್ತಿರಬಹುದು ಎಂದು ಹಲಸಿನ ಹಪ್ಪಳಕ್ಕೆ ತೊಳೆ ಬಿಡಿಸಲು ಕೂತೆ. ಅರ್ಧ ಹಲಸು ಮುಗಿಯಿತು. ಮಧ್ಯಾಹ್ನ ಊಟಕ್ಕೆ ಬಂದ ಕುಮಾರ ನೋಡಿ, "ಅಕ್ಕ, ಟಿವಿ ಪೂರಾ ನೀಲಿ ಉಂಟು. ನಂಬ್ರ ಓಡ್ತಾ ಉಂಟು" ಎಂದ. ಅದು ಟಿವಿ ಅಲ್ಲ ಎಂದು ಎಷ್ಟು ಸಲ ಹೇಳುವುದು?

ನಾಲ್ಕು ಒತ್ತಿದ್ದರಲ್ಲಿ ಎರಡು ಗಾಳಿಗೆ ಹೋಗಿ, ಪಟ್ಟಿಯ ಮೂರನೆಯ ಸಾಲು ಹಿಡಿದಿದೆ. ಅದು ಕಂಪ್ಯೂಟರಿನ ನೆನಪು ಸರಿ ಉಂಟಾ ಎಂದು ಪರೀಕ್ಷೆ ಮಾಡುವ ಸಾಲು. ಬೆಳಗಿನಿಂದ ಅದು ತನ್ನ ನೆನಪನ್ನು ತಾನೇ ತಪಾಸಣೆ ಮಾಡುತ್ತಾ ಕೂತಿತ್ತು, ನಾನು ಅದರ ಎದುರು ತೊಳೆ ಬಿಡಿಸುತ್ತಾ ಕೂತಿದ್ದೆ.

ಕುಮಾರ ನಕ್ಕ. ನನಗೆ ಅಳು ಬಂತು. ಬಚ್ಚಲಿಗೆ ಹೋಗಿ ಮುಖ ತೊಳೆದೆ.

ಮೇ 13, ಶನಿವಾರ

ಹನ್ನೊಂದು ಸಲ ಪ್ರಯತ್ನ. ನಾಲ್ಕು ಸಲ ಸರಿ. ಏಳು ಸಲ ಹಾಳು. ಶನಿ.

ಮೇ 16, ಮಂಗಳವಾರ

ಶಾಲೆಯ ಅಕ್ಷಯಾ ಟೀಚರ್ ಫೋನ್ ಮಾಡಿದ್ದರು. ಏನೋ ಸಮಾಧಾನದ ದನಿ. "ಟೀಚರ್, ನೀವು ಬಡ್ತಿ ಬಿಡ್ತೀರಂತೆ. ಒಳ್ಳೆಯದೇ ಆಯ್ತು, ಆರೋಗ್ಯ ಮುಖ್ಯ." ಯಾರು ಹೇಳಿದ್ದು ಎಂದೆ. "ನಿಮ್ಮ ತಮ್ಮ ಕೃಷ್ಣಕುಮಾರಣ್ಣನೇ ಮ್ಯಾನೇಜರಿಗೆ ಮಾತು ಕೊಟ್ಟಿದ್ದಾರಂತಲ್ಲ? ಅಕ್ಕನನ್ನು ನಾನು ಒಪ್ಪಿಸ್ತೇನೆ ಅಂತ."

ಕುಮಾರ ಸಂಜೆ ಬರುವವರೆಗೆ ಮೆಟ್ಟಿಲಲ್ಲೇ ಕೂತಿದ್ದೆ. ಗಾಡಿ ನಿಲ್ಲಿಸಿದ ಕೂಡಲೇ ಕೇಳಿದೆ. ಅವನು ಸುಳ್ಳು ಹೇಳಲಿಲ್ಲ.

"ಹೌದು, ಹೇಳಿದ್ದೇನೆ. ಎಂತ ಮಾಡುವುದು? ನೀನು ಆ ಕುರ್ಚಿಯಲ್ಲಿ ಕೂತಾಗ ಯಾರೋ ಒಬ್ಬ ಬಂದು, ಇದು ಮಧ್ಯಾಹ್ನದ ಊಟದ ಬಿಲ್ಲು, ಸೈನ್ ಹಾಕಿ ಟೀಚರ್ ಅಂತಾನೆ. ಅದು ಎಂತ ಕಾಗದವೋ ಯಾರಿಗೆ ಗೊತ್ತು? ನಾಳೆ ಪೊಲೀಸ್ ಬಂದರೆ ನಿನ್ನನ್ನೇ ಹಿಡಿಯುವುದು."

"ಓದಿಸಿಕೊಳ್ಳಲು ನನಗೆ ಕಂಪ್ಯೂಟರ್ ಉಂಟು."

"ಎಲ್ಲಿ ಉಂಟು? ಹದಿನೈದು ದಿನದಿಂದ ನೋಡ್ತಾ ಇದ್ದೇನಲ್ಲ! ಸ್ವಿಚ್ಚು ಹಾಕಿ ದೇವರಿಗೆ ಕೈ ಮುಗಿಯುವುದು, ಸರಿ ಬಂದರೆ ಬಂತು. ಆಫೀಸಿನಲ್ಲಿಯೂ ಹಾಗೇ ಕೂರ್ತೀಯಾ?"

ಉತ್ತರ ಇಲ್ಲದಾಗ ಮನುಷ್ಯರು ಮಾಡುವ ಕೆಲಸವನ್ನೇ ಮಾಡಿದೆ. ನಿನ್ನ ಅನ್ನ ನಾನು ತಿನ್ನುತ್ತಿಲ್ಲ, ನನ್ನ ಸಂಬಳ ನನಗುಂಟು, ನನ್ನ ವಿಷಯಕ್ಕೆ ನೀನು ಬರಬೇಡ ಎಂದು ಊರಿಗೇ ಕೇಳುವ ಹಾಗೆ ಕೂಗಿದೆ. ಅವನು ಒಳಗೆ ಹೋಗಿ, ಬೆಳಗ್ಗೆ ನಾನು ಮಾಡಿಟ್ಟಿದ್ದ ಸಾರನ್ನು ಬಿಸಿ ಮಾಡಿದ. ತಟ್ಟೆ ಎರಡು ಇಟ್ಟ ಸದ್ದು ಕೇಳಿತು. ನಾನು ಹೋಗಲಿಲ್ಲ.

ಮೇ 17, ಬುಧವಾರ

ಇನ್ನು ಪೆಟ್ಟಿಗೆಯ ಹತ್ತಿರ ಅವನನ್ನು ಕರೆಯುವುದಿಲ್ಲ. ಏನೇ ಆಗಲಿ.

ಮೇ 20, ಶನಿವಾರ

ನಿನ್ನೆ ಸಂಜೆ ಗುಡುಗು, ಕರೆಂಟಿಲ್ಲ. ಬಡ್ತಿ ಬೇಡ ಎಂಬ ಪತ್ರವನ್ನು ಮನಸ್ಸಿನಲ್ಲೇ ಬರೆದು ನೋಡಿದೆ. ಚೆನ್ನಾಗಿಯೇ ಬಂತು. ಅದೇ ಹೆದರಿಕೆ.

ಇವತ್ತು ಶಿವಪ್ರಸಾದನಿಗೆ ಫೋನ್ ಮಾಡಿದೆ. ಕಾಸರಗೋಡಿನ ಅಂಧರ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದ ಒಟ್ಟಿಗೆ ಇದ್ದವನು, ಈಗ ಬ್ಯಾಂಕಿನಲ್ಲಿ ಇದ್ದಾನೆ. ಅವನಿಗೆ ಎಲ್ಲ ತಮಾಷೆ.

"ಎರಡೆರಡು ಎಂತಕೆ ಮಾರಾಯ್ತಿ? ನಾನು ಒಂದರಲ್ಲೇ ಸುಖವಾಗಿದ್ದೇನೆ."

"ನಿನ್ನ ಬ್ಯಾಂಕಿಗೆ ಒಂದು ಸಾಕು. ನನಗೆ ಕೇರಳದ ಕೆಲಸ ಒಂದರಲ್ಲಿ, ಕನ್ನಡ ಒಂದರಲ್ಲಿ. ಯಾವುದನ್ನು ಬಿಡ್ಲಿ ಹೇಳು?"

ಆಮೇಲೆ ಯಾರನ್ನೋ ವಿಚಾರಿಸಿ ಪುನಃ ಫೋನ್ ಮಾಡಿದ. ಲಿನಕ್ಸಿನ ಒಂದು ಫೈಲಿನಲ್ಲಿ ಒಂದು ಸಾಲು ಬರೆದರೆ ಪಟ್ಟಿ ಬರುವಾಗ ಪೆಟ್ಟಿಗೆ ಪೀಪ್ ಎನ್ನುತ್ತದಂತೆ! ನಮ್ಮಂಥವರಿಗಾಗಿಯೇ ಯಾರೋ ಪುಣ್ಯಾತ್ಮ ಮಾಡಿಟ್ಟದ್ದಂತೆ. ಕುಣಿದಾಡಿಬಿಟ್ಟೆ. ಬರೆದೆ. ಆಫ್ ಮಾಡಿ ಆನ್ ಮಾಡಿದೆ.

ಪೀಪ್ ಇಲ್ಲ.

ಅಕ್ಷರ ಅಕ್ಷರ ಓದಿಸಿ ನೋಡಿದೆ. ಬರೆದದ್ದು ಸರಿಯೇ ಉಂಟು. ಪುನಃ ಆನ್ ಮಾಡಿದೆ. ಇಲ್ಲ. ವಿಜೇತ್‌ಗೆ ಫೋನ್ ಮಾಡಿದೆ. "ಓ, ಆ ಪೀಪ್ ಹೇಳುವ ಚಿಕ್ಕ ಸ್ಪೀಕರಾ? ಧೂಳು ಹಿಡಿದಿತ್ತು ಟೀಚರ್, ಆ ದಿನ ತೆಗೆದು ಬಿಸಾಡಿದೆ. ಈಗ ಅದನ್ನು ಯಾರೂ ಹಾಕುವುದಿಲ್ಲ. ಮಂಗಳೂರಿನಿಂದ ತರಿಸಬೇಕು, ಸಿಕ್ಕಿದರೆ."

ನನ್ನ ಪೆಟ್ಟಿಗೆಯ ಬಾಯಿಯನ್ನೇ ಕಿತ್ತು ಬಿಸಾಡಿದ್ದಾನೆ. ಇವನ ಅಂಗಡಿಗೆ ಬೆಂಕಿ ಬೀಳಲಿ. ಇಲ್ಲ, ಬೆಂಕಿ ಬೇಡ. ಗಿರಾಕಿ ಬಾರದಿರಲಿ.

ಮೇ 22, ಸೋಮವಾರ

ಸ್ಪೀಕರ್ ಸಿಗಲಿಲ್ಲವಂತೆ.

ಮೇ 25, ಗುರುವಾರ

ಎಂಟು ಸಲ. ಐದು ಹಾಳು. ಕುಮಾರ ಬಾಗಿಲ ಹೊರಗೆ ನಿಂತಿರುತ್ತಾನೆ, ಅವನ ಚಪ್ಪಲಿ ಸದ್ದು ಗೊತ್ತಾಗುತ್ತದೆ. ಒಳಗೆ ಬರುವುದಿಲ್ಲ. ಕರೆಯಲಿ ಎಂದು ಕಾಯುತ್ತಾನೋ ಏನೋ. ಕರೆಯುವುದಿಲ್ಲ.

ಮೇ 27, ಶನಿವಾರ

ಇವತ್ತು ಇದನ್ನು ಕಂಪ್ಯೂಟರಿನಲ್ಲೇ ಬರೆಯುತ್ತಿದ್ದೇನೆ. ವಿಂಡೋಸಿನಲ್ಲಿ. ಹೆಬ್ಬೆರಳಿಗೆ ರಜೆ.

ಬೆಳಗ್ಗೆ ಹೊಸ ಮಕ್ಕಳ ಅಡ್ಮಿಶನಿನ ಕೆಲಸಕ್ಕೆ ಶಾಲೆಗೆ ಹೋಗಬೇಕಿತ್ತು. ಕುಮಾರನ ಗಾಡಿ ಬೇಡ ಎಂದು ಕೋಲು ಹಿಡಿದು ಒಬ್ಬಳೇ ಹೊರಟೆ. ತಡವಾಗಿತ್ತು. ಗುಡ್ಡ ಇಳಿಯುವಾಗಲೇ ಬಸ್ಸು ಹಾರ್ನ್ ಹೊಡೆದದ್ದು ಕೇಳಿತು. ಹೋಯಿತು ಎಂದುಕೊಂಡೆ. ಇಳಿದು ಹೋಗಿ ನೋಡಿದರೆ ನಿಂತೇ ಇತ್ತು, ಇಂಜಿನ್ ಗುರ್ ಎನ್ನುತ್ತಿತ್ತು. "ನಿಧಾನ ಬನ್ನಿ ಟೀಚರ್, ಹಾರ್ನ್ ಹೊಡೆದದ್ದು ನಾವು ಇಲ್ಲಿದ್ದೇವೆ ಅಂತ ಹೇಳಲಿಕ್ಕೆ" ಎಂದ ಡ್ರೈವರ್. ಮೀಂಜದ ಕಡೆಗೆ ಹೋಗುವ ಈ ಬಸ್ಸು ನನಗಾಗಿ ಎಷ್ಟೋ ವರ್ಷದಿಂದ ನಿಲ್ಲುತ್ತದೆ. ಒಳಗಿದ್ದವರು ಗೊಣಗುತ್ತಾರೆ, ಗೊಣಗಲಿ. ಇವತ್ತಿನವರೆಗೆ ನಾನು ಅದಕ್ಕಾಗಿ ಓಡಿದವಳಲ್ಲ.

ಸೀಟಿನಲ್ಲಿ ಕೂತ ಕೂಡಲೇ ಹೊಳೆಯಿತು. ಆ ಹತ್ತು ಸೆಕೆಂಡು! ಆ ಹತ್ತು ಸೆಕೆಂಡನ್ನು ನಾನು ಯಾಕೆ ಹಿಡಿಯಲು ಓಡಬೇಕು? ಪಟ್ಟಿ ನನಗಾಗಿ ನಿಲ್ಲಲಿ! ಪೀಪ್ ಸಾಲು ಬರೆದ ಫೈಲಿನಲ್ಲೇ, ಅದರ ಹತ್ತಿರದಲ್ಲೇ, ಹತ್ತು ಎಂದು ಬರೆದಿತ್ತು. ಎಷ್ಟು ಸಲ ಅದರ ಮೇಲೆ ದಾಟಿ ಹೋಗಿದ್ದೇನೆ. ಸಂಜೆ ಮನೆಗೆ ಬಂದು ಅದನ್ನು ಅಳಿಸಿ ಮೈನಸ್ ಒಂದು ಎಂದು ಬರೆದೆ. ಹಾಗೆ ಬರೆದರೆ ಯಾರಾದರೂ ಒತ್ತುವವರೆಗೆ ಪಟ್ಟಿ ಎಲ್ಲಿಗೂ ಹೋಗುವುದಿಲ್ಲ. ಸ್ವಿಚ್ಚು ಹಾಕಿದೆ, ಅಡುಗೆ ಮನೆಗೆ ಹೋಗಿ ಕಾಫಿ ಬೆರೆಸಿದೆ, ಬಂದು ನಾಲ್ಕು ಸಲ ಕೆಳಗೆ, ಒಂದು ಎಂಟರ್. ವಿಂಡೋಸ್ ಹಾಡಿತು. ಪುನಃ ಮಾಡಿದೆ, ಹಾಡಿತು. ಆರು ಸಲ ಮಾಡಿದೆ, ಆರು ಸಲವೂ ಹಾಡಿತು. ಲಿನಕ್ಸ್ ಬೇಕಾದರೆ ಬರೀ ಎಂಟರ್.

ಒಂದು ತಿಂಗಳು ನನಗೆ ಇದು ಯಾಕೆ ಹೊಳೆಯಲಿಲ್ಲ? ಬೇಗ ಮಾಡಬೇಕು, ಕಣ್ಣಿದ್ದವರಿಗಿಂತ ಬೇಗ ಮಾಡಬೇಕು ಎಂಬ ಹಟ ತಲೆಯಲ್ಲಿ ಕೂತಿತ್ತು, ಅಷ್ಟೆ. ಬುದ್ಧಿ ಇಲ್ಲದವಳು.

ಕುಮಾರ ಬಾಗಿಲ ಹತ್ತಿರ ನಿಂತು, "ಸರಿ ಆಯ್ತಾ ಅಕ್ಕ?" ಎಂದು ಕೇಳಿದ. ಆಯ್ತು ಎಂದೆ. ಹತ್ತು ದಿನಕ್ಕೆ ಅದು ಮೊದಲ ಮಾತು. ಅವನಿಗೂ ಕಾಫಿ ಬೆರೆಸಿದ್ದೆ, ಆರಿತ್ತು. ಹಾಗೇ ಕುಡಿದ.

ಮೇ 30, ಮಂಗಳವಾರ

ಮೊದಲು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಭಟ್ಟರು ಬೆಳಗ್ಗೆಯೇ ಬಂದರು. ಕುಮಾರ ಅಂಗಡಿ ತೆರೆಯದೆ ಮನೆಯಲ್ಲೇ ಉಳಿದಿದ್ದ. ಅವರನ್ನು ಕಂಪ್ಯೂಟರಿನ ಎದುರು ಕೂರಿಸಿದೆ. ಸ್ವಿಚ್ಚು ಹಾಕಿದೆ. ಒಳಗೆ ಹೋಗಿ ಕಾಫಿ ತಂದು ಕೊಟ್ಟೆ. ನಾಲ್ಕು ಸಲ ಕೆಳಗೆ, ಒಂದು ಎಂಟರ್. ವಿಂಡೋಸ್ ಹಾಡಿತು, ಮಾತು ಶುರುವಾಯಿತು. ಎಂಟನೇ ಕ್ಲಾಸಿನ ಟೈಮ್‌ಟೇಬಲ್ ತೆಗೆದೆ, ಅವರು ಹೇಳಿದ ಪಿರಿಯಡ್ ಬದಲಿಸಿದೆ, ಪ್ರಿಂಟು ತೆಗೆದು ಕೈಗೆ ಕೊಟ್ಟೆ. ಆಫ್ ಮಾಡಿ, ಆನ್ ಮಾಡಿ, ಲಿನಕ್ಸಿಗೆ ಹೋಗಿ ಶಾಲೆಯ ಫೈಲು ತೆರೆದು ತೋರಿಸಿದೆ. ಎಲ್ಲಿಯೂ ತಪ್ಪಲಿಲ್ಲ. ಒಬ್ಬರ ಕೈ ತಾಗಲಿಲ್ಲ.

"ಭಾರೀ ಚಂದ ಟೀಚರ್" ಎಂದರು. "ದೇವರು ಒಂದನ್ನು ಕಿತ್ತುಕೊಂಡರೆ ಇನ್ನೊಂದನ್ನು ಕೊಡ್ತಾನೆ. ಭಾರೀ ಚಂದ." ಕಾಫಿಯ ಲೋಟ ಕೆಳಗಿಟ್ಟರು. ಬ್ಯಾಗಿನ ಜಿಪ್ಪು ಎಳೆದ ಸದ್ದು ಕೇಳಿತು. ಒಂದು ಹಾಳೆ ಮೇಜಿನ ಮೇಲೆ ಬಂದು ಕೂತಿತು. "ನಿಮಗೆ ತೊಂದರೆ ಯಾಕೆ ಅಂತ ಪತ್ರವನ್ನು ನಾನೇ ತಯಾರು ಮಾಡಿ ತಂದಿದ್ದೇನೆ. ಒಂದು ಸೈನ್ ಹಾಕಿದರೆ ಆಯ್ತು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಈಗ ತೋರಿಸಿದೆನಲ್ಲ? ಎಲ್ಲ ನೋಡಿದರಲ್ಲ? ಮಕ್ಕಳು ಡ್ಯಾನ್ಸ್ ಮಾಡಿದರೆ ಚಪ್ಪಾಳೆ ತಟ್ಟಿ ಮನೆಗೆ ಕಳಿಸುವ ಹಾಗೆ ಆಯಿತು ನನಗೆ. ಒಂದು ತಿಂಗಳು ಈ ಪೆಟ್ಟಿಗೆಯ ಎದುರು ಸತ್ತದ್ದು ಈ ಚಪ್ಪಾಳೆಗಾ? ಆದರೆ ದನಿ ಏರಲಿಲ್ಲ, ಅದು ನನಗೇ ಆಶ್ಚರ್ಯ. ಹಾಳೆಯನ್ನು ಮುಟ್ಟಿ ನೋಡಿದೆ. ನುಣ್ಣಗಿತ್ತು.

"ಇದನ್ನು ಟೈಪ್ ಮಾಡಿದ್ದು ಯಾರು?" ಎಂದೆ.

"ನಮ್ಮ ಕ್ಲರ್ಕ್ ಈಶ್ವರಪ್ರಸಾದ."

"ನೀವು ಮಾಡಲಿಲ್ಲವಾ?"

"ನಾನಾ?" ನಕ್ಕರು. "ಅಯ್ಯೋ ಟೀಚರ್, ನನಗೆ ಅದರ ಸ್ವಿಚ್ಚು ಎಲ್ಲಿ ಅಂತಲೂ ಗೊತ್ತಿಲ್ಲ."

"ರಿಟೈರ್ ಆದ ಹೆಡ್ಮಾಷ್ಟ್ರಿಗೆ?"

"ಅವರಿಗೂ ಅಷ್ಟಕ್ಕಷ್ಟೆ. ಅವರದ್ದೂ ಎಲ್ಲ ಈಶ್ವರಪ್ರಸಾದನೇ..."

ಅಲ್ಲಿಗೆ ನಿಂತರು. ಕಂಪ್ಯೂಟರ್ ಫೈಲುಗಳ ಹೆಸರನ್ನು ಒಂದೊಂದಾಗಿ ಓದುತ್ತಾ ಇತ್ತು. ಅದನ್ನು ಆಫ್ ಮಾಡಿದೆ.

"ಕುಮಾರ, ಒಂದು ಬಿಳಿ ಹಾಳೆ ತಾ. ಪೆನ್ನು ತಾ. ನಾನು ಹೇಳುವುದನ್ನು ಬರೆ."

ಬಂದು ಕೂತ. ನಾನು ಹೇಳುತ್ತಾ ಹೋದೆ. ಇಂಥವಳಾದ ನಾನು, ಇಂಥ ಶಾಲೆಯಲ್ಲಿ ಇಷ್ಟು ವರ್ಷ ಸಮಾಜ ವಿಜ್ಞಾನ ಕಲಿಸಿದವಳು, ಹೆಡ್ಮಿಸ್ಟ್ರೆಸ್ ಹುದ್ದೆಗೆ ಬರಲು ನನಗೆ ಪೂರ್ಣ ಒಪ್ಪಿಗೆ ಇದೆ. ಪೆನ್ನು ಅಲ್ಲಿವರೆಗೆ ಕರಕರ ಓಡಿ ನಿಂತಿತು. ಭಟ್ಟರು ಗಂಟಲು ಸರಿ ಮಾಡಿಕೊಂಡರು. ಕುಮಾರ ಉಸಿರು ಬಿಟ್ಟದ್ದೂ ಕೇಳಿತು. ಮಾತು ಕೊಟ್ಟವನು ಅವನು, ಕೊಟ್ಟದ್ದು ಎದುರು ಕೂತವರಿಗೆ. ನಾನು ಬೈಯಲಿಲ್ಲ, ಬರೆ ಎಂದೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಪೆನ್ನು ಪುನಃ ಓಡಿತು. ಜೂನ್ ಒಂದರಂದು ಬೆಳಗ್ಗೆ ಕೆಲಸಕ್ಕೆ ಹಾಜರಾಗುತ್ತೇನೆ ಎಂದು ಮುಗಿಸಿದೆ.

"ಓದಿ ಹೇಳ್ಲಾ ಅಕ್ಕ?"

"ಬೇಡ. ಸೈನ್ ಎಲ್ಲಿ ಹಾಕಬೇಕು ತೋರಿಸು."

ನನ್ನ ಬೆರಳು ಹಿಡಿದು ಹಾಳೆಯ ಮೇಲೆ ಇಟ್ಟ. ಸೈನ್ ಹಾಕಿದೆ.

ಭಟ್ಟರು ಎರಡೂ ಹಾಳೆಗಳನ್ನು ಬ್ಯಾಗಿಗೆ ಹಾಕಿಕೊಂಡು ಎದ್ದರು. "ಹಾಗಾದರೆ ಹಾಗೇ ಆಗಲಿ ಟೀಚರ್. ಕಾಗದ ನಾಳೆಯೇ ಶಿಕ್ಷಣ ಇಲಾಖೆಯ ಡಿಇಓ ಆಫೀಸಿಗೆ ಕೊಡ್ತೇನೆ" ಎಂದರು. ಅಂಗಳದವರೆಗೆ ಹೋಗಿ ಬೀಳ್ಕೊಟ್ಟೆ. ಕೆಟ್ಟ ಮನುಷ್ಯರಲ್ಲ. ಚಪ್ಪಲಿ ಹಾಕುವಾಗ ಸೆಕೆಯನ್ನು ಪುನಃ ಒಮ್ಮೆ ಬೈದರು.

ಕುಮಾರ ಮೆಟ್ಟಿಲಲ್ಲಿ ಕೂತಿದ್ದ. "ಅವರಿಗೆ ಮಾತು ಕೊಟ್ಟಿದ್ದೆನಲ್ಲ ಅಕ್ಕ, ಇನ್ನು ಮುಖ ಹೇಗೆ ತೋರಿಸುವುದು?" ಎಂದ.

"ಅದು ನೀನು ಕೊಟ್ಟ ಮಾತು. ನೀನೇ ತೀರಿಸಿಕೋ. ನನಗೆ ಬೇರೆ ಕೆಲಸ ಉಂಟು."

"ನಾಡಿದ್ದು ಎಷ್ಟು ಗಂಟೆಗೆ ಬಿಡಬೇಕು ನಿನ್ನನ್ನು?" ಎಂದು ಕೇಳಿದ.

"ಎಂಟೂವರೆಗೆ. ಮತ್ತೆ ಒಂದು ವಾರ ಅಂಗಡಿಯನ್ನು ಮಧ್ಯಾಹ್ನದ ಮೇಲೆ ತೆರೆ. ಆಫೀಸಿನ ಕಪಾಟಿನಲ್ಲಿ ಎಂತೆಂತ ಫೈಲು ಉಂಟು ಅಂತ ನೀನು ನನಗೆ ಓದಿ ಹೇಳಬೇಕು. ಎಂತೋ ನಂಬ್ರ ಅಂದರೆ ಆಗುವುದಿಲ್ಲ, ಪೂರ್ತಿ ಓದಬೇಕು" ಎಂದೆ.

"ಆಯ್ತು ಟೀಚರ್" ಎಂದ.